ಕಾಳು ನೋಡುವವನ ಕಣ್ಣು

ಗೋದಿ ಚೆನ್ನಾಗಿತ್ತು. ತೊಂದರೆಯೇ ಅದು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಇಳಿದ ಕಾಳನ್ನು ಬಿಸಿಲಿಗೆ ಹಿಡಿದಾಗ ಅಜ್ಜಪ್ಪನ ಒಳಗೆ ಏನೋ ಎದ್ದು ಕೂತಂತಾಯಿತು. ಕೆಂಪಗಿನ, ಉದ್ದನೆಯ, ಒಂದೂ ಮುರಿಯದ ಕಾಳು. ಅವನು ತಟ್ಟನೆ ಮುಷ್ಟಿ ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಬೆರಳು ಸಡಿಲಿಸಿ, ಹೆಬ್ಬೆರಳಿನಿಂದ ಒಂದೊಂದೇ ಕಾಳು ಸರಿಸುತ್ತ ಹುಳುಕು ಹುಡುಕತೊಡಗಿದ. ಒಂದು ಸುಕ್ಕಿದ ಕಾಳು ಸಿಕ್ಕಿತು. ಅದರ ಮೇಲೆ ಕಣ್ಣು ನೆಟ್ಟ ಮೇಲೆ ಉಸಿರು ಹಗುರಾಯಿತು. "ಜೊಳ್ಳು ಐತಿ," ಎಂದ. ಅಡತಿ ಅಂಗಡಿಯವರು ತಲೆಯಾಡಿಸಿದರು. ನರಗುಂದದ ಪೇಟೆಯಲ್ಲಿ ಅಜ್ಜಪ್ಪ ಜೊಳ್ಳು ಎಂದ ಮೇಲೆ ಅದು ಜೊಳ್ಳೇ. ಹದಿನೈದು ವರ್ಷದಿಂದ ಅವನು ಕಾಳು ನೋಡುತ್ತಿದ್ದ. ಈ ನಾಲ್ಕು ವರ್ಷಗಳಲ್ಲಿ ಅವನ ಕಣ್ಣು ಇನ್ನಷ್ಟು ಪಳಗಿದೆ, ಬೇರೆಯವರಿಗೆ ಕಾಣದ ಕೊರೆ ಇವನಿಗೆ ಕಾಣುತ್ತದೆ ಎಂದು ಜನ ಹೇಳುತ್ತಿದ್ದರು. ಅದು ಪಳಗಿದ ಕಣ್ಣಲ್ಲ, ಹೆದರಿದ ಕಣ್ಣು ಎಂದು ಅವನೊಬ್ಬನಿಗೆ ಗೊತ್ತಿತ್ತು. ಒಳ್ಳೆಯದನ್ನು ನೋಡಲು ಅಂಜಿದವನಿಗೆ ಕೊರೆ ಬಿಟ್ಟು ಇನ್ನೇನು ಕಾಣಬೇಕು.

ಯಾವಗಲ್ ಎಂಬ ಊರಿನಿಂದ ಆ ಚೀಲಗಳನ್ನು ಗಾಡಿಯಲ್ಲಿ ತಂದಿದ್ದ ಟಿಪ್ಪುಸಾಬ ಎತ್ತು ಬಿಚ್ಚಿ ನೆರಳಿಗೆ ಕಟ್ಟಿ ಬಂದು, ಇವನ ಹತ್ತಿರ ನಿಂತ. ಟಿಪ್ಪುಸಾಬನದು ಅಜ್ಜಪ್ಪನ ಹೆಂಡತಿಯ ತವರುಮನೆಯ ಓಣಿ.

"ಅಜ್ಜಪ್ಪಣ್ಣಾರ, ನಿಮ್ಮ ಮನಿಯವರು ಒಂದು ಮಾತು ಹೇಳಿ ಕಳಿಸ್ಯಾರ್ರಿ."

"ಏನಂತ?"

"ಇವತ್ತ ಬರಾಕ ಬೇಕಂತ. ಇವತ್ತ ಬರದಿದ್ರ ಮುಂದ ಎಂದೂ ಬರೂದು ಬ್ಯಾಡ ಅಂತ. ಹಿಂಗ ಹೇಳು ಅಂದ್ರು, ಹಂಗ ಹೇಳೀನಿ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

"ಕೂಸು ಹ್ಯಾಂಗೈತಿ?"

ಟಿಪ್ಪುಸಾಬ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ಹೋಗಿ ನೀವ ನೋಡ್ರಿ," ಎಂದು ಎತ್ತಿನ ಕಡೆ ನಡೆದ.

ಹೋಗಿ ನೋಡುವುದು. ಕೂಸಿಗೆ ಐದು ತಿಂಗಳು ತುಂಬಿದ್ದವು. ಹುಟ್ಟಿದ ಸುದ್ದಿ ಬಂದಾಗ ಪೇಟೆಯವರಿಗೆಲ್ಲ ಸಕ್ಕರೆ ಹಂಚಿದ್ದ. ತೊಟ್ಟಿಲಿಗೆ ಹಾಕುವ ದಿನ ಕುಲಾಯಿ, ಅಂಗಿ, ಬೆಳ್ಳಿಯ ಗೆಜ್ಜೆ ಕಳಿಸಿದ್ದ. ತಾನು ಮಾತ್ರ ಜ್ವರ ಎಂದು ಹೇಳಿ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಮೇಲೆ ಪೇಟೆಯಲ್ಲಿ ಕೆಲಸ, ಆಮೇಲೆ ಸುಗ್ಗಿ, ಆಮೇಲೆ ಕಾಲು ಉಳುಕಿತ್ತು. ಮದುವೆಯಾಗಿ ಹತ್ತು ವರ್ಷಕ್ಕೆ ಹುಟ್ಟಿದ ಮಗಳನ್ನು ನೋಡಲು ಬರದ ಗಂಡಸಿನ ಬಗ್ಗೆ ಯಾವಗಲ್ಲಿನ ಹೆಂಗಸರು ಏನೆನ್ನುತ್ತಿರಬಹುದು ಎಂದು ಅವನಿಗೆ ಗೊತ್ತಿತ್ತು. ಹೆಣ್ಣು ಹುಟ್ಟಿತೆಂದು ಮುನಿಸು, ಇಲ್ಲವೆ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ. ಹಾಗೆ ಅಂದುಕೊಂಡರೆ ಒಳ್ಳೆಯದೇ ಎನಿಸುತ್ತಿತ್ತು. ಅಂಥ ಗಂಡಸರು ಊರ ತುಂಬ ಇದ್ದಾರೆ, ಅವರಿಗೆ ಯಾರೂ ಹೆದರುವುದಿಲ್ಲ. ಮಗುವಿನ ಹೆಸರು ನೀಲವ್ವ. ಆ ಹೆಸರನ್ನು ಅವನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಕೈಯಲ್ಲಿದ್ದ ಗೋದಿಯನ್ನು ಚೀಲಕ್ಕೆ ಸುರಿದು, ಊರಿಗೆ ಹೋಗಿ ಬರುತ್ತೇನೆಂದು ಹೇಳಿ, ಅಜ್ಜಪ್ಪ ಬಸ್ಸು ನಿಲ್ಲುವ ಕಡೆ ನಡೆದ. ಕಲ್ಲು ಇದ್ದಲ್ಲಿ ಕಲ್ಲಿನ ಮೇಲೆ, ಇಲ್ಲದಲ್ಲಿ ಗಟ್ಟಿ ನೆಲದ ಮೇಲೆ ಕಾಲಿಟ್ಟು ನಡೆಯುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಮಣ್ಣಿನಲ್ಲಿ ಹೆಜ್ಜೆ ಮೂಡಬಾರದು. ನೆದರು ಹಾಕಿದವನ, ಎಂದರೆ ಕೆಟ್ಟ ಕಣ್ಣಿನವನ, ಹೆಜ್ಜೆಯ ಮಣ್ಣು ತಂದು ಉಪ್ಪು ಮೆಣಸಿನಕಾಯಿಯ ಜೊತೆ ನಿವಾಳಿಸಿ ಒಲೆಗೆ ಹಾಕಿದರೆ ನೆದರು ಬಿಡುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಅಂಗಳದಲ್ಲಿ ಅತ್ತಿಗೆ ಚನ್ನವ್ವ ಬಗ್ಗಿದ್ದಳು. ಏನೋ ಬಿದ್ದಿರಬೇಕು, ಹುಡುಕುತ್ತಿದ್ದಾಳೆ ಎಂದು ಇವನು ಹತ್ತಿರ ಹೋದ. ಅವಳು ಸೆರಗಿನಲ್ಲಿ ಮಣ್ಣು ಕಟ್ಟಿಕೊಳ್ಳುತ್ತಿದ್ದಳು. ಆಗತಾನೇ ಇವನು ನಡೆದು ಹೋಗಿದ್ದ ಹೆಜ್ಜೆಯ ಮಣ್ಣು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚನ್ನವ್ವ ಕೂಡಲೇ ಮುಖ ಮುಚ್ಚಿಕೊಂಡಳು, ನಾಚಿಕೆಯಿಂದಲ್ಲ.

ಅದಕ್ಕೂ ನಾಲ್ಕು ದಿನ ಮುಂಚೆ ಪಂಚಮಿ. ಅಣ್ಣ ಪ್ರಭುಲಿಂಗಪ್ಪನ ಮಗ, ಆರು ವರ್ಷದ ಶಿದ್ಲಿಂಗ, ಹೊಸ ಅಂಗಿ ತೊಟ್ಟು ಬೇವಿನ ಮರದ ಜೋಕಾಲಿ ಹತ್ತಿದ್ದ. ಕೈಯಲ್ಲಿ ಎಳ್ಳುಂಡಿ, ಹಣೆಗೆ ಅಂಟಿದ ಕೂದಲು, ಬಾಯಿ ತುಂಬ ನಗು. ಅಜ್ಜಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ನೋಡುತ್ತ ನೋಡುತ್ತ ಒಳಗೆ ಎಲ್ಲಿಯೋ ಏನೋ ಸೆಟೆಯಿತು. ಇಂಥದೊಂದು ನನಗ ಯಾಕಿಲ್ಲ. ನನಗ ಇಲ್ಲದ್ದು ಅವನಿಗ್ಯಾಕ. ಎರಡನೆಯ ಮಾತು ಮೊದಲನೆಯದರ ಬೆನ್ನಿಗೇ ಬಂತು, ಬಂದದ್ದನ್ನು ಮುಚ್ಚಿಕೊಳ್ಳಲು ಅವನು ಗಟ್ಟಿಯಾಗಿ ಅಂದುಬಿಟ್ಟ: "ಏನ್ ಚೆಂದ ಕಾಣತಾನಲೇ ಹುಡುಗ." ಮಕ್ಕಳಿಲ್ಲದವನು ಹೀಗೆ ಬಾಯಿ ತುಂಬ ಹೊಗಳಬಾರದೆಂದು ಅಂಗಳದಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಚನ್ನವ್ವ ಜೋಕಾಲಿ ಹಿಡಿದು ನಿಲ್ಲಿಸಿ ಹುಡುಗನನ್ನು ಒಳಗೆ ಕರೆದುಕೊಂಡು ಹೋದಳು. ಮೂರನೆಯ ದಿನಕ್ಕೆ ವಾಂತಿಭೇದಿ, ವಾರದೊಳಗೆ ಹುಡುಗ ಹೋದ. ಆ ವರ್ಷ ಊರಲ್ಲಿ ಇನ್ನೂ ಒಂಬತ್ತು ಮಂದಿಗೆ ಆಗಿತ್ತು, ಅದರಲ್ಲಿ ನಾಲ್ವರು ಸತ್ತಿದ್ದರು. ಆದರೆ ಆ ನಾಲ್ವರನ್ನು ಅಜ್ಜಪ್ಪ ನೋಡಿರಲಿಲ್ಲ.

ಅಣ್ಣ ಏನೂ ಅನ್ನಲಿಲ್ಲ. ಮರುವರ್ಷ ಮನೆ ಬೇರೆಯಾಯಿತು, ಅಷ್ಟೇ.

ರೋಣದ ಬಸ್ಸು ಕರಿನೆಲದ ಧೂಳೆಬ್ಬಿಸುತ್ತ ಹೊರಟಾಗ ಹನ್ನೊಂದು ದಾಟಿತ್ತು. ಮುಂದಿನ ಸೀಟಿನ ಇಬ್ಬರು, ಧಾರವಾಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದರೆ ಹತ್ತಿಯ ಗತಿ ಏನೆಂದು ವಾದಿಸುತ್ತಿದ್ದರು. ಎದುರಿಗೆ ಕೂತ ಹೆಂಗಸಿನ ಮಡಿಲಲ್ಲಿ ಒಂದು ಮಗು ಇತ್ತು. ಅಜ್ಜಪ್ಪನ ಕಣ್ಣು ಅತ್ತ ಹೋದದ್ದೇ ತಡ, ಅವಳು ಸೆರಗು ಎಳೆದು ಮಗುವಿನ ಮುಖ ಮುಚ್ಚಿದಳು. ಅವಳಿಗೆ ಇವನು ಯಾರೆಂದು ಗೊತ್ತಿಲ್ಲ. ಧೂಳು ಬರುತ್ತಿತ್ತು, ಯಾವ ತಾಯಿಯಾದರೂ ಮುಚ್ಚುತ್ತಿದ್ದಳು. ಹಾಗೆಂದು ತನಗೆ ತಾನೇ ಹೇಳಿಕೊಂಡು ಅಜ್ಜಪ್ಪ ಕಣ್ಣು ಮುಚ್ಚಿದ. ಮುಚ್ಚಿದರೆ ಏನಾಯಿತು, ಒಳಗಿನ ಆ ಇನ್ನೊಂದು ಕಣ್ಣು ಮುಚ್ಚುತ್ತಿರಲಿಲ್ಲ. ಅವನು ರೆಪ್ಪೆ ಇಳಿಸಿದ ಮೇಲೂ ಅದು ರೆಪ್ಪೆಯ ಹಿಂದೆ ಎಚ್ಚರವಾಗಿ ಕೂತು, ಸೆರಗಿನ ಕೆಳಗೆ ಮಗುವಿನ ಕೆನ್ನೆ ಹೇಗಿದ್ದೀತು ಎಂದು ಹುಡುಕುತ್ತಿತ್ತು. ಮೊದಮೊದಲು ಅದು ದನದ ಕಿವಿಯ ಒಳಗೆ ಕೂತ ಉಣ್ಣೆಹುಳದಷ್ಟಿತ್ತು. ಕುಡಿದು ಕುಡಿದು ಈಗ ತಲೆಯ ಹಿಂಭಾಗದವರೆಗೆ ಬೆಳೆದಿದೆ ಎಂದು ಅವನಿಗೆ ಅನಿಸುತ್ತಿತ್ತು. ಹೋದ ವರ್ಷ ಕ್ಷೌರಕ್ಕೆ ಕೂತಾಗ ಕನ್ನಡಿಯಲ್ಲಿ ಅದನ್ನು ಕಂಡಿದ್ದ. ಅವನು ಕಣ್ಣು ಬೇರೆ ಕಡೆ ಹೊರಳಿಸಿದ. ಕನ್ನಡಿಯೊಳಗಿನ ಕಣ್ಣು ಒಂದು ಗಳಿಗೆ ತಡೆದು, ಇವನನ್ನೇ ಪೂರ್ತಿ ನೋಡಿ, ಆಮೇಲೆ ನಿಧಾನವಾಗಿ ಹೊರಳಿತು. ಅರ್ಧ ಬೋಳಿಸಿದ ಮುಖದಲ್ಲೇ ಎದ್ದು ಬಂದ. ಅಂದಿನಿಂದ ಮನೆಯಲ್ಲೇ, ಕೈಯಿಂದ ಸವರಿ ನೋಡುತ್ತ, ತಾನೇ ಬೋಳಿಸಿಕೊಳ್ಳುತ್ತಾನೆ. ಬಾವಿಯಲ್ಲಿ ನೀರು ಸೇದುವಾಗ ಕೆಳಗೆ ಬಗ್ಗಿ ನೋಡುವುದಿಲ್ಲ.

ಅದಕ್ಕೆ ಚೆಂದದ್ದು ಬೇಕು. ಆದ್ದರಿಂದ ಅವನು ಅದಕ್ಕೆ ಹುಳುಕನ್ನೇ ಉಣಿಸಿದ. ನುಸಿ ಹಿಡಿದ ಜೋಳ, ಸೊಟ್ಟ ಕೊಂಬಿನ ಎತ್ತು, ಬಿರುಕು ಬಿಟ್ಟ ಗೋಡೆ. ಹೆಂಡತಿ ಮಾನವ್ವನ ಎಡಗೆನ್ನೆಯ ಮೇಲೆ ಚಿಕ್ಕಂದಿನ ಸಿಡುಬಿನ ಒಂದು ಕುಳಿ ಇತ್ತು. ಮಾತಾಡುವಾಗ ಆ ಕುಳಿಯನ್ನಷ್ಟೇ ನೋಡುತ್ತಿದ್ದ. ಅವಳು ಬಸಿರಾದ ಮೇಲೆ ಅದನ್ನೂ ಬಿಟ್ಟ. ಅವಳ ದನಿ ಎತ್ತ ಇದೆಯೋ ಅದಕ್ಕೆ ಬೆನ್ನು ಮಾಡಿ ಉಣ್ಣುತ್ತಿದ್ದ, ಅವಳು ಮಲಗಿದ ಮೇಲೆ ಹಾಸಿಗೆಗೆ ಬರುತ್ತಿದ್ದ. ತವರಿಗೆ ಹೊರಟ ದಿನ ಅವಳು ಗಾಡಿ ಹತ್ತುವ ಮುಂಚೆ ಒಳಗೆ ಬಂದು, "ನಾ ಏನ್ ತಪ್ಪ ಮಾಡೀನಿ ಅಷ್ಟ ಹೇಳ್ರಿ," ಎಂದು ಕೇಳಿದಳು. ಅವನು ನೆಲ ನೋಡುತ್ತ, ಗಾಡಿಗೆ ಹೊತ್ತಾಯಿತು ಎಂದ. ಅವಳನ್ನು ಅವನು ಎಷ್ಟು ಪ್ರೀತಿಸುತ್ತಿದ್ದ ಎಂದರೆ, ಅವಳ ಬೆನ್ನು ಗಾಡಿಯ ಕಮಾನಿನೊಳಗೆ ಮರೆಯಾಗುವವರೆಗೂ ತಲೆ ಎತ್ತಲಿಲ್ಲ. ಅದು ಅವಳಿಗೆ ಹೇಗೆ ಗೊತ್ತಾಗಬೇಕು. ಕಂಡಕ್ಟರ್ ಭುಜ ಅಲುಗಿಸಿ, "ಯಾವಗಲ್ ಬಂತ್ರಿ ಯಜಮಾನ್ರ, ಏನ್ ನಿದ್ದಿ ಇದು," ಎಂದಾಗ ಬಸ್ಸಿನವರೆಲ್ಲ ನಕ್ಕರು.

ಅತ್ತೆ ಹೊನ್ನವ್ವ ಬಾಗಿಲಲ್ಲಿಯೇ ಇದ್ದಳು. ಅಳಿಯನನ್ನು ಕಂಡು ಅವಳ ಮುಖದಲ್ಲಿ ಮೂಡಿದ್ದು ಸಂತೋಷವಲ್ಲ, ಸಿಟ್ಟೂ ಅಲ್ಲ. ಕಾಲಿಗೆ ನೀರು ಕೊಟ್ಟಳು. "ಬರ್ರಿ," ಎಂದಳು, ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ. ಒಳಗಿನಿಂದ ಸುಟ್ಟ ಉಪ್ಪಿನ, ಕೂದಲಿನ ವಾಸನೆ ಬರುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಔಷಧದ ಸೀಸೆ ಇತ್ತು. ಅಜ್ಜಪ್ಪನ ಕಣ್ಣು ಅಲ್ಲಿಗೇ ಹೋಯಿತು.

"ಏನಾಗೇತಿ ಅತ್ತಿ?"

"ಮೂರ ದಿನ ಆತು, ಕೂಸಿನ ಮೈ ಕೆಂಡ ಆಗೇತಿ. ಹಾಲು ಕುಡೀವಲ್ಲದು. ನಿನ್ನಿ ರೋಣದ ದವಾಖಾನಿಗೆ ಒಯ್ದಿದ್ವಿ. ಔಷಧ ಕೊಟ್ಟಾರ, ಇವತ್ತೊಂದು ದಿನ ದಾಟಬೇಕು ಅಂದಾರ." ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಏಳ ಸಲ ನೆದರ ತಗದೀನಿ. ಅಷ್ಟ ಮೆಣಸಿನಕಾಯಿ ಸುಟ್ಟರೂ ಒಂಚೂರು ಘಾಟ ಬರಲಿಲ್ಲ. ಅಂದ ಮ್ಯಾಲೆ ದೊಡ್ಡ ನೆದರ ಆಗೇತಿ ಅಂತ ಆತು. ಯಾರದಂತ ತಿಳೀವಲ್ದು. ನೀವಂತೂ ಇತ್ತ ಬಂದಿಲ್ಲ."

ಕಡೆಯ ಮಾತನ್ನು ಅವಳು ಬೇಕೆಂದು ಆಡಿರಲಿಲ್ಲ. ಯಾರ ಯಾರ ಕಣ್ಣು ಇರಬಹುದೆಂದು ಮೂರು ದಿನ ಮನಸ್ಸಿನಲ್ಲಿ ಎಣಿಸಿದ್ದಾಳೆ, ಎಣಿಕೆ ಅಳಿಯನಿಂದಲೇ ಶುರುವಾಗಿದೆ, ಅಷ್ಟೇ. ಅಜ್ಜಪ್ಪನಿಗೆ ಅವಮಾನವಾಗಬೇಕಿತ್ತು. ಇಲ್ಲವೆ ದೊಡ್ಡ ಭಾರ ಇಳಿಯಬೇಕಿತ್ತು. ತಾನು ನೋಡಿಯೇ ಇಲ್ಲ, ಹೆಸರನ್ನೂ ಆಡಿಲ್ಲ, ಆದರೂ ಜ್ವರ ಬಂದಿದೆ. ಎಂದರೆ ಜ್ವರ ತಾನಾಗಿ ಬರುತ್ತದೆ. ಎಂದರೆ ಶಿದ್ಲಿಂಗನಿಗೂ. ಕಂಬ ಹಿಡಿದು ನಿಂತ ಅಜ್ಜಪ್ಪ ತನ್ನೊಳಗೆ ಆಗುತ್ತಿದ್ದುದನ್ನು ಗುರುತಿಸಿ ಬೆಚ್ಚಿದ. ಅಲ್ಲಿ ಆಗುತ್ತಿದ್ದುದು ನಿರಾಸೆ. ಸಭೆಯಲ್ಲಿ ತನ್ನ ಜಾಗದಲ್ಲಿ ಇನ್ನಾರೋ ಬಂದು ಕೂತರೆ ಆಗುವಂಥ ಸಣ್ಣ, ಹುಳಿ ನಿರಾಸೆ. ನಾಲ್ಕು ವರ್ಷ ಅವನು ಹೆದರಿದ್ದ, ನಿಜ. ಅತ್ತಿದ್ದ, ಹೆಂಡತಿಯ ಮುಖ ಬಿಟ್ಟಿದ್ದ, ಕಲ್ಲಿನ ಮೇಲೆ ನಡೆದಿದ್ದ. ಆದರೆ ಪೇಟೆಯಲ್ಲಿ ಇನ್ನೊಬ್ಬರ ಕಾಳು ನೋಡಿ ಹೊಟ್ಟೆ ಹೊರೆಯುವ ಒಬ್ಬ ಸಾಮಾನ್ಯ ಗಂಡಸಿಗೆ, ನೋಡಿದರೆ ಸಾವು ಬರುವಂಥ ಕಣ್ಣೂ ಇದೆ ಎಂಬುದನ್ನು ಅವನ ಒಂದು ಭಾಗ ಜೋಪಾನ ಮಾಡಿಕೊಂಡು ಬಂದಿತ್ತು. ಮಗಳು ಬೇಯುತ್ತ ಮಲಗಿದ್ದಾಳೆ. ತಂದೆಯಾದವನು, ಆ ಬೇಗೆ ತನ್ನದಲ್ಲವಲ್ಲ ಎಂದು ಕಸಿವಿಸಿಪಡುತ್ತಿದ್ದಾನೆ. ಕನ್ನಡಿಯಲ್ಲಿ ಕಂಡದ್ದು ಇದೇ ಇರಬೇಕು. ಇದಕ್ಕೆ ಯಾವ ಮೆಣಸಿನಕಾಯಿ ಸುಡುವುದು.

ಅವನು ಒಳಗೆ ಹೋಗಲಿಲ್ಲ. ಸುತ್ತಿ ಹಿತ್ತಿಲಿಗೆ ಹೋಗಿ, ಬಣವೆಯ ಮರೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತ. ಕಾಲಿನ ಕೆಳಗೆ ಹುಡಿಮಣ್ಣಿತ್ತು, ಹೆಜ್ಜೆ ಮೂಡಿದ್ದನ್ನು ಗಮನಿಸಲಿಲ್ಲ. ಸಂಜೆಯ ಬಸ್ಸಿಗೆ ತಿರುಗಿ ಹೋಗಿಬಿಡಬಹುದು ಎಂಬ ಯೋಚನೆ ಬಂತು. ಕೂಸು ಉಳಿದರೆ, ತಾನು ನೋಡದೆ ಬಂದದ್ದಕ್ಕೇ ಉಳಿಯಿತು ಎಂದುಕೊಳ್ಳಬಹುದು. ಸತ್ತರೂ ತನ್ನ ಮೇಲೆ ಬರುವುದಿಲ್ಲ. ಎಷ್ಟು ಚಂದದ ಲೆಕ್ಕಾಚಾರ ಎಂದು ಅವನಿಗೆ ಅವನ ಮೇಲೆಯೇ ಹೇಸಿಕೆಯಾಯಿತು.

ಹಿಂದೆ ಬಳೆಯ ಸದ್ದಾಯಿತು. ಮಾನವ್ವ ಬಂದು ಮೂರು ಮಾರು ದೂರ ನಿಂತಳು. ನಿದ್ದೆಗೆಟ್ಟವರ ಒರಟು ದನಿ.

"ಗ್ವಾಡಿ ನೋಡಾಕ ಬಂದೀರೇನು ಇಲ್ಲೀತನಕ?"

"ಜ್ವರ ಬಂದದ್ದು ನನಗ ಹೇಳಲಿಲ್ಲ ಯಾಕ?"

"ಹೇಳಿದ್ರ ನೀವು ಬರತಿದ್ದಿಲ್ಲ. ಟಿಪ್ಪುಸಾಬಗ ಆಣಿ ಇಟ್ಟು ಕಳಿಸಿದ್ದೆ, ಹೇಳಬ್ಯಾಡ ಅಂತ."

ಹಿತ್ತಿಲಲ್ಲಿ ಕಟ್ಟಿದ್ದ ಎಮ್ಮೆ ಬಾಲ ಬೀಸಿ ನೊಣ ಹೊಡೆದುಕೊಳ್ಳುತ್ತಿತ್ತು. ಆಮೇಲೆ, ನಾಲ್ಕು ವರ್ಷ ಯಾರ ಮುಂದೆಯೂ ಆಡದ ಮಾತು, ಗೋಡೆಗೆ ಹೇಳುವಂತೆ ಬಾಯಿಂದ ಬಂತು. "ಪಂಚಮಿ ದಿನ ಶಿದ್ಲಿಂಗನ್ನ ನೋಡಿ, ನನಗ ಇಲ್ಲದ್ದು ಇವನಿಗ್ಯಾಕ ಅಂದುಕೊಂಡೆ. ಬಾಯಿಂದ ಹೊಗಳಿದೆ, ಒಳಗ ಹಂಗಂದೆ. ಜನ ಅಂಬೂದು ಸುಳ್ಳಲ್ಲ ಮಾನವ್ವ. ನನ್ನೊಳಗ ಒಂದು ಐತಿ. ಅದು ನಿನ್ನನ್ನೂ ನುಂಗತೈತಿ ಅಂತ ನಿನ್ನ ಮಾರಿ ನೋಡಲಿಲ್ಲ. ಈಗ ಬಾಗಲದಾಗ ನಿಮ್ಮವ್ವ, ಕೂಸಿಗೆ ಆದ ನೆದರ ನನ್ನದಲ್ಲ ಅಂದ್ಲು. ನನ್ನದಲ್ಲ ಅಂದದ್ದಕ್ಕ ನನಗ ಕೆಡಕ ಅನಿಸ್ತು. ಇಂಥವ ನಾ."

ಮಾನವ್ವ ಅಳಬಹುದು, ಶಪಿಸಬಹುದು ಎಂದು ಅವನು ಕಾದ. ಅವಳು ಬಂದು ಅವನ ಪಕ್ಕ, ಅದೇ ಗೋಡೆಗೆ ಬೆನ್ನು ಒರಗಿಸಿ ಕೂತಳು.

"ಅಷ್ಟನ? ನಾ ಒಂದು ಹೇಳಲೇನು? ಆ ಹುಡುಗ ಸತ್ತ ದಿನ ಚನ್ನವ್ವ ವೈನಿ ಎದಿ ಬಡಕೊಂಡು ಅಳತಿದ್ಲು. ನಾ ಆಕೀನ ತೆಕ್ಕಿಯಾಗ ಹಿಡಕೊಂಡಿದ್ದೆ. ಹಿಡಕೊಂಡಿದ್ದಾಗನ, ಇನ್ನ ಮ್ಯಾಲೆ ಇಕಿ ನನ್ನ ಬಂಜಿ ಅನ್ನೂದಿಲ್ಲ ಅಂತ ಅನಿಸ್ತು. ಹೊಟ್ಟಿ ತಣ್ಣಗಾತು. ಒಂದ ಗಳಿಗಿ. ಆಮ್ಯಾಲೆ ನನಗ ನನ್ನ ಕಂಡರ ಅಂಜಿಕಿ ಬಂತು. ಈ ಕೂಸು ಹುಟ್ಟಿದ ಮ್ಯಾಲೆ ದಿನಾ ಇದರ ಮಾರಿ ನೋಡತೀನಿ, ದಿನಾ ಆ ಮಾತು ನೆನಪಾಗತೈತಿ. ಅದಕ್ಕ ಮಾರಿ ತಿರುವಲಿ ಏನು? ಹಾಲು ಯಾರು ಕುಡಸಬೇಕು?"

ಅವನು ತಿರುಗಿ ನೋಡಿದ. ಬಿಸಿಲು ಅವಳ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಕಣ್ಣಿನ ಕೆಳಗೆ ಕಪ್ಪು, ಒಡೆದ ತುಟಿ, ಕೆದರಿದ ಕೂದಲು, ಎಲ್ಲ ಒಟ್ಟಿಗೆ ಕಂಡಿತು. ಅವಳು ಚೆಲುವೆ ಎಂಬುದನ್ನು ಅವನು ಮರೆತೇ ಬಿಟ್ಟಿದ್ದ. ಇವಳೊಳಗೂ ಅದು ಇದೆ; ಇದ್ದೂ ಮೂರು ದಿನ ಕಣ್ಣು ಮುಚ್ಚದೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಅದನ್ನು ಕೊಂದು ಬಂದು ಕೂತವಳಲ್ಲ, ಜೊತೆಗೇ ಇಟ್ಟುಕೊಂಡು ಕೂತವಳು.

"ನಾ ನೋಡಿದ ಮ್ಯಾಲೆ ಹೋದ್ರ?" ಎಂದ.

"ಹೋದ್ರ ಹೋಗತಾಳ. ಅಪ್ಪನ ಮಾರಿ ಕಂಡು ಹೋಗತಾಳ," ಎಂದಳು ಮಾನವ್ವ. ಹೇಳಿದ ಮೇಲೆ ಅವಳ ಗದ್ದ ನಡುಗಿತು. "ನೀವು ನೋಡೂದ ಬ್ಯಾಡ ಅಂದ್ರ ಈಗ ಹೋಗಿಬಿಡ್ರಿ. ನಾ ಮತ್ತ ಕರ್ಯೂದಿಲ್ಲ."

ಒಳಕೋಣೆಯಲ್ಲಿ ಕತ್ತಲೆಯೂ ಇರಲಿಲ್ಲ, ಬೆಳಕೂ ಇರಲಿಲ್ಲ. ಹೊನ್ನವ್ವ ಒದ್ದೆ ಬಟ್ಟೆಯಿಂದ ಕೂಸಿನ ಹಣೆ ಒರೆಸುತ್ತಿದ್ದಳು. ಅಳಿಯ ಬಾಗಿಲಲ್ಲಿ ನಿಂತದ್ದನ್ನು ಕಂಡು ಅವಳ ಕೈ ತಾನಾಗಿ ಸರಿದು ಕೂಸಿನ ಮುಖಕ್ಕೆ ಅಡ್ಡವಾಯಿತು. "ಹೊರಗ ಕುಂದರ್ರಿ ಅಳಿಯಂದಿರ. ಜ್ವರ ಇಳೀಲಿ, ಆಮ್ಯಾಲೆ ನೋಡೀರಂತ. ಕೈ ಮುಗೀತೀನಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳ ಹೆದರಿಕೆ ಸುಳ್ಳೆಂದು ಅಜ್ಜಪ್ಪ ಹೇಳಲಾರ. ಅವನಿಗೂ ಅದೇ ಹೆದರಿಕೆ ಇತ್ತು. ಜ್ವರ ತಾನಾಗಿ ಬರುತ್ತದೆ ಎಂಬ ವಿಚಾರ ಬಾಗಿಲ ಹೊರಗೆ ಎಷ್ಟು ಗಟ್ಟಿಯಾಗಿತ್ತೋ, ಒಳಗೆ ಬರುತ್ತಿದ್ದಂತೆ ಅಷ್ಟೇ ಸಡಿಲವಾಯಿತು. ಸಂಜೆಯೊಳಗೆ ಕೂಸಿಗೆ ಏನಾದರೂ ಆದರೆ ಇವಳು ಹೇಳುವುದು ಏನೆಂದು ಗೊತ್ತು, ಯಾವಗಲ್ಲಿನವರು ಹೇಳುವುದು ಗೊತ್ತು, ನರಗುಂದಕ್ಕೆ ಸುದ್ದಿ ಮುಟ್ಟಿದ ಮೇಲೆ ಚನ್ನವ್ವ ಏನೂ ಹೇಳದೆ ಸುಮ್ಮನಿರುವುದೂ ಗೊತ್ತು. ಎಲ್ಲರಿಗಿಂತ ಗಟ್ಟಿಯಾಗಿ ತಾನೇ ಹೇಳಿಕೊಳ್ಳುತ್ತಾನೆ, ಸಾಯುವತನಕ.

"ಇಲ್ರಿ ಅತ್ತಿ," ಎಂದ. "ನಾ ನೋಡತೀನಿ."

ಮಾನವ್ವ ತಾಯಿಯ ಕೈಯನ್ನು ಮೆಲ್ಲಗೆ ಹಿಡಿದು ಸರಿಸಿದಳು. ಅಜ್ಜಪ್ಪ ನೆಲಕ್ಕೆ ಕೂತು ಬಗ್ಗಿದ. ಸಣ್ಣ ಮುಖ, ಜ್ವರಕ್ಕೆ ಕೆಂಪಾದ ಕೆನ್ನೆ, ಒಣಗಿದ ತುಟಿ, ಬೆವರಿಗೆ ಅಂಟಿದ ನಾಲ್ಕು ಕೂದಲು. ಪೇಟೆಯ ರೂಢಿಗೆ ಬೆರಳು ತಾನಾಗಿ ಚಾಚಿತು, ಒಂದು ಕೊರೆ ಹುಡುಕಲು. ಕಿವಿ ನೋಡಿದ, ಹುಬ್ಬು ನೋಡಿದ, ಮುಚ್ಚಿದ ಮುಷ್ಟಿಯ ಉಗುರು ನೋಡಿದ. ಎಲ್ಲಿಯೂ ಸಿಗಲಿಲ್ಲ. ಒಳಗೆ ಅದು ಎದ್ದು ಕೂತಿತು. ಎಂದಿಗಿಂತ ಹಸಿದಿತ್ತು, ತಲೆಯ ಹಿಂದಿನಿಂದ ಮುಂದೆ ಬಂದು ಅವನ ಕಣ್ಣಿನ ತುಂಬ ನಿಂತಿತು. ಅವನು ಅದನ್ನು ಹಿಂದಕ್ಕೆ ತಳ್ಳಲಿಲ್ಲ. ನೋಡು, ನೀನೂ ನೋಡು, ನನ್ನ ಮಗಳು ಎಂದ. ಎರಡೂ ಒಂದೇ ಕಣ್ಣಿನಿಂದ ನೋಡಿದವು. ಯಾವುದು ಹೊಟ್ಟೆಕಿಚ್ಚು, ಯಾವುದು ಅಕ್ಕರೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಅವನಿಗೆ ತಿಳಿಯಲಿಲ್ಲ. ಕೂಸು ರೆಪ್ಪೆ ಬಿಚ್ಚಿತು. ಜ್ವರದಿಂದ ಮಂಕಾದ ಕಣ್ಣು ಅವನ ಮುಖದ ಮೇಲೆ ಅಲೆದಾಡಿ, ಒಂದು ಕಡೆ ನಿಂತಿತು. ಅಂಜಲಿಲ್ಲ, ನಗಲಿಲ್ಲ. ಈ ನಾಲ್ಕು ವರ್ಷಗಳಲ್ಲಿ ಯಾರೂ ಅವನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ನೀಲವ್ವ," ಎಂದ.

ರೆಪ್ಪೆ ಮತ್ತೆ ಮುಚ್ಚಿತು. ಉಸಿರು ಇನ್ನಷ್ಟು ಚುರುಕಾಯಿತು, ಪಕ್ಕೆಯ ಕೆಳಗೆ ಚರ್ಮ ಒಳಗೆಳೆದುಕೊಂಡು ಬಿಡುತ್ತಿತ್ತು. ಹೊನ್ನವ್ವ ಹೆದರಿ ಏನೋ ಗೊಣಗಿದಳು, ಆಮೇಲೆ ಗೋಡೆಗೆ ಹಣೆ ಹಚ್ಚಿ ಅಳತೊಡಗಿದಳು. ಮಾನವ್ವ ಕೂಸಿನ ಇನ್ನೊಂದು ಬದಿಗೆ ಕೂತು ಅದರ ಪಾದವನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದಳು. ನೋಡಿದ್ದಕ್ಕೆ ಹೀಗಾಯಿತೋ, ನೋಡದಿದ್ದರೂ ಹೀಗೇ ಆಗುತ್ತಿತ್ತೋ. ಈಗ ಎದ್ದು ಹೊರಗೆ ಹೋದರೆ ಇನ್ನೂ ಉಳಿದೀತು ಎಂದು ಅವನ ಮೈಯೆಲ್ಲ ಕೂಗುತ್ತಿತ್ತು. ಹೊರಗೆ ದೂರದಲ್ಲಿ ಸಂಜೆಯ ಬಸ್ಸು ಬಂದು ನಿಂತು, ಹಾರ್ನ್ ಹೊಡೆದು, ನರಗುಂದದ ಕಡೆ ಹೋಯಿತು. ಅಜ್ಜಪ್ಪ ಕೂಸಿನ ಮುಖದಿಂದ ಕಣ್ಣು ಕೀಳಲಿಲ್ಲ.